ಮಾಯಪ್ಪಜ್ಜ ಕಾಯ್ದ ಗುಡ್ಡ

ಕೆಂಪವ್ವ ಅತ್ತಿತ್ತ ನೋಡಿ ಬೇಲಿಯ ಜಾಲಿಮುಳ್ಳಿನ ಕಂಟಿಯೊಂದನ್ನು ಎಳೆದಳು. ಆಡು ನುಸುಳುವಷ್ಟು ಸಂದಿ ಆಯಿತು.

“ಲಗೂನ ಹೋಗ, ಚಿಮಣಿ! ನಾಕ ತುತ್ತು ತಿಂದು ಬಾ. ನಂಗ ಸಾಲಿಗೆ ಲೇಟ್ ಆಗತೈತಿ.”

ಚಿಮಣಿ ಗಬ್ಬದ ಆಡು. ಹೊಟ್ಟೆಯಲ್ಲಿ ಮರಿ, ಮೈಯಲ್ಲಿ ಬರೀ ಎಲುಬು. ಮೊದಲ ಮಳೆ ಬಿದ್ದು ವಾರವಾಗಿತ್ತು. ಊರ ಸುತ್ತ ಚಿಗುರಿದ್ದನ್ನೆಲ್ಲ ದನಗಳು ಆಗಲೇ ಬುಡಸಮೇತ ತಿಂದಿದ್ದವು. ಹಸಿರು ಉಳಿದದ್ದು ಬೇಲಿಯೊಳಗಿನ ಗಾಯರಾಣದಲ್ಲಿ ಮಾತ್ರ.

ಗಾಯರಾಣ ಎಂದರೆ ಇಡೀ ಊರಿನ ದನ ಮೇಯುವ ಗುಡ್ಡ. ಎಂಬತ್ತೈದನೇ ಇಸವಿಯ ಬರದಲ್ಲಿ ಅದು ಬೋಳಾಗಿತ್ತು. ಆಮೇಲೆ ಊರವರೆಲ್ಲ ಬೀರದೇವರ ಗುಡಿಯಲ್ಲಿ ಭಂಡಾರ ಮುಟ್ಟಿ, ಮೂರು ವರ್ಷ ಯಾರ ದನವನ್ನೂ ಒಳಗೆ ಬಿಡುವುದಿಲ್ಲ ಎಂದು ಆಣೆ ಮಾಡಿದ್ದರು. ಆ ಅರಿಶಿನದ ಪುಡಿಯನ್ನೇ ಗುಡ್ಡದ ಸುತ್ತ ಚೆಲ್ಲಿದ್ದರು. ಮಣ್ಣು ಹರಿದುಹೋಗದಂತೆ ಕಲ್ಲಿನ ಒಡ್ಡು ಹಾಕಿದ್ದರು. ಎರಡು ವರ್ಷದಿಂದ ಅದನ್ನು ಕಾಯುವವನು ಕೆಂಪವ್ವನ ಅಜ್ಜ ಮಾಯಪ್ಪ.

ಅಜ್ಜನ ಬಾಯಿ ತುಂಬ ಕತೆ. ರಾತ್ರಿ ಉಂಡು ಕೂತಾಗೆಲ್ಲ ಹೇಳುತ್ತಿದ್ದ: “ನಾ ಸಣ್ಣಾಂವ ಇದ್ದಾಗ ಇಲ್ಲಿ ಹುಲ್ಲು ಎಷ್ಟ ಎತ್ತರ ಇತ್ತು ಗೊತ್ತೈತೇನ? ನಮ್ಮ ಎಮ್ಮಿ ಒಳಗ ಹೋತು, ವರ್ಷಾದ್ರೂ ಸಿಗಲಿಲ್ಲ. ಹೊರಗ ಬರೂವಾಗ ಬೆನ್ನ ಹಿಂದ ಕರಾನೂ ಬಂತು!”

“ಏ ಅಜ್ಜಾ, ಬಂಡಲ್ ಬಿಡಬ್ಯಾಡ!” ಎಂದು ಕೆಂಪವ್ವ ನಗುತ್ತಿದ್ದಳು.

“ಇನ್ನೊಂದ ವರ್ಷ ತಡಿ. ಖರೇನೋ ಸುಳ್ಳೋ ನೀನ ನೋಡಂತಿ.”

ಈಗ ಶಾಲೆಯ ಬೆಲ್ ಕೇಳಿಸಿತು. ಕೆಂಪವ್ವ ಚಿಮಣಿಯನ್ನು ಬೇಲಿಯಿಂದ ಹೊರಗೆ ಎಳೆದುಕೊಂಡು ಮನೆಗೆ ಓಡಿದಳು. ಸಂದಿ ಮುಚ್ಚುವುದು ಮರೆತೇಹೋಯಿತು.

ಸಂಜೆ ಬಂದು ನೋಡಿದರೆ ಬೇಲಿ ಚಕ್ಕಡಿಗಾಡಿ ಹೋಗುವಷ್ಟು ಅಗಲ ಬಿಚ್ಚಿಕೊಂಡಿತ್ತು. ಒಳಗೆ ಊರಿನ ಅರ್ಧ ದನ, ಬೇಲಿಯ ಬಳಿ ಅವುಗಳ ಮನೆಯವರು. ಅಜ್ಜ ಒಂದನ್ನು ಅಟ್ಟಿದರೆ ಎರಡು ನುಗ್ಗುತ್ತಿದ್ದವು.

“ಗಿರಿಜವ್ವಾ, ನಿಮ್ಮ ಎಮ್ಮಿ ಹೊರಗ ಹೊಡಿಯವಾ! ಭಂಡಾರ ಮುಟ್ಟಿದ್ದ ಮರತೀ ಏನ?”

“ನಾ ಯಾಕ ಹೊಡೀಲಿ, ಕಾಕಾ?” ಪಕ್ಕದ ಮನೆಯ ಗಿರಿಜವ್ವ ಸೊಂಟದ ಮೇಲೆ ಕೈಯಿಟ್ಟಳು. “ಮುಂಜಾನೆ ನಿಮ್ಮ ಆಡು ಇಲ್ಲೇ ಮೇಯತಿತ್ತು. ಕಣ್ಣಾರೆ ನೋಡೇನಿ. ಕಾಯಾವರ ಆಡಿಗೆ ಹೊಟ್ಟಿ ಐತಿ, ನಮ್ಮ ಎಮ್ಮಿಗೆ ಇಲ್ಲೇನ?”

“ನಮ್ಮ ಆಡು ಮನ್ಯಾಗ ಕಟ್ಟೇವಿ...” ಎನ್ನುತ್ತ ಅಜ್ಜ ತಿರುಗಿದ. ಕೆಂಪವ್ವ ತಲೆ ಎತ್ತಲಿಲ್ಲ. ಅವಳ ಬೆರಳುಗಳ ಮೇಲೆ ಮುಳ್ಳಿನ ಗೀರುಗಳಿದ್ದವು.

ಅಜ್ಜ ಕೋಲು ಕೆಳಗಿಟ್ಟ. “ಹೌದವಾ. ನಮ್ಮ ಆಡ ಮೊದಲ ಹೊಕ್ಕೈತಿ.”

“ಅಜ್ಜ ಅಲ್ರಿ, ನಾ ಬಿಟ್ಟೇನ್ರಿ!” ಕೆಂಪವ್ವ ಅಳುತ್ತ ಕೂಗಿದಳು.

ಯಾರು ಬಿಟ್ಟರು ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಯಾರೂ ದನ ಹೊರಗೆ ಹೊಡೆಯಲಿಲ್ಲ.

ಹೊತ್ತು ಮುಳುಗುವ ಮೊದಲು ಮಳೆ ಬಂತು. ಆಗ ಎಲ್ಲರೂ ದನ ಹೊಡೆದುಕೊಂಡು ಮನೆಗೆ ಹೋದರು. ದನಗಳ ಕಾಲಿಗೆ ಸಿಕ್ಕು ಒಡ್ಡಿನ ಕಲ್ಲುಗಳು ಉರುಳಿದ್ದವು. ಹಿಂದಿನ ಮಳೆಯಲ್ಲಿ ಒಡ್ಡಿನ ಹಿಂದೆ ತಿಳಿಯಾಗಿ ನಿಂತಿದ್ದ ನೀರು ಈಗ ಕೆಸರಾಗಿ ಓಡುತ್ತಿತ್ತು.

ಕೆಂಪವ್ವ ಒಂದು ಕಲ್ಲು ಎತ್ತಿಟ್ಟಳು. ಅಜ್ಜ ಇನ್ನೊಂದು ಇಟ್ಟ.

“ಅಜ್ಜಾ, ಹುಲ್ಲು ಮತ್ತ ಯಾವಾಗ ಬರತೈತಿ?”

ಆ ಎಮ್ಮೆಯ ಕತೆಯಾದರೂ ಬರಬಹುದು ಎಂದು ಅವಳು ಕಾದಳು.

“ಗೊತ್ತಿಲ್ಲ, ಕೆಂಪಿ,” ಅಂದ ಅಜ್ಜ. ಅಷ್ಟೇ ಅಂದ.

ಕೆಂಪವ್ವ ಹರಿಯುವ ನೀರಿಗೆ ಅಂಗೈ ಅಡ್ಡ ಹಿಡಿದಳು. ನೀರು ಬೆರಳ ಸಂದಿಯಲ್ಲಿ ಓಡಿತು. ಕೈಯಲ್ಲಿ ಚೂರು ಮಣ್ಣು ಉಳಿಯಿತು. ಅದನ್ನು ಕಲ್ಲಿನ ಹಿಂದೆ ಇಟ್ಟು, ಮತ್ತೆ ಕೈ ಅಡ್ಡ ಹಿಡಿದಳು.