ಒಲೆಯ ಮೇಲಿನದು, ಒಲೆಯ ಕೆಳಗಿನದು

"ಚೀಲ ಬಿಡಿ."

"ನೀವು ಬಿಡಿ. ಮೊದಲು ಕೈ ಹಾಕಿದ್ದು ನಾನು."

ಪೀಣ್ಯದ ಶ್ಯಾಮಣ್ಣನ ಮರದ ಮಿಲ್ಲಿನಲ್ಲಿ ಅಂದು ಉಳಿದಿದ್ದದ್ದು ಒಂದೇ ಚೀಲ ಹೊಟ್ಟು. ಎಂಬತ್ತರ ಆಚೀಚೆಯ ಮಾತು. ಸೀಮೆಎಣ್ಣೆ ರೇಷನ್ನಿಗೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಗರಗಸದ ಕೆಳಗೆ ಉದುರಿದ ಹೊಟ್ಟನ್ನು ತಗಡಿನ ಒಲೆಗೆ ಒತ್ತಿ ಗಿಡಿದು ಉರಿಸಿದರೇನೇ ಆ ಕಡೆಯ ಬಾಡಿಗೆ ಮನೆಗಳಲ್ಲಿ ಮುದ್ದೆ ಬೇಯುತ್ತಿತ್ತು.

ಚೀಲದ ಒಂದು ಮೂಲೆ ಹಿಡಿದಿದ್ದವಳು ಸತ್ಯವತಿ, ಮೋಟಾರಿಗೆ ತಂತಿ ಸುತ್ತುವ ಶೆಡ್ಡಿನ ಕೆಲಸದವಳು. ಇನ್ನೊಂದು ಮೂಲೆ ಹಿಡಿದಿದ್ದವನು ರಾಮಾಂಜಿ. ಎರಕದ ಕಾರ್ಖಾನೆಯ ಮಸಿ ಅಂಗಿಗೆಲ್ಲ ಮೆತ್ತಿತ್ತು. ಕಣ್ಣು ಮಾತ್ರ ನಗುತ್ತಿತ್ತು.

"ಜಗಳ ಯಾಕೆ? ಅರ್ಧ ನಿಮಗೆ, ಅರ್ಧ ನನಗೆ."

ಅವನೇ ಹಂಚಿದ. ಅವಳ ಚೀಲಕ್ಕೆ ಸುರಿದು, ಕಾಲಿನಿಂದ ತುಳಿದು, ಮತ್ತೆ ಸುರಿದ. ತನ್ನದಕ್ಕೆ ಸಡಿಲವಾಗಿ ತುಂಬಿಕೊಂಡ. ನೋಡುವುದಕ್ಕೆ ಎರಡೂ ಒಂದೇ ಎತ್ತರ.

'ಅರ್ಧ ಚೀಲ ಇಷ್ಟು ಭಾರ ಇರುತ್ತದೆಯೇ...' ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಮನೆಗೆ ಬಂದು ಬಿಚ್ಚಿ ಸುರಿದಾಗ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಒಬ್ಬಳೇ ನಕ್ಕಳು.

ಮರುವರ್ಷ ಅವರಿಬ್ಬರ ಮದುವೆ. ನಾಗಸಂದ್ರದಲ್ಲಿದ್ದ ರಾಮಾಂಜಿಯ ಅಕ್ಕ ಭಾಗ್ಯಮ್ಮ, "ಬರಿಗೈಲಿ ಬರೋಳನ್ನ ಕಟ್ಕೊಂಡ್ರೆ ನನ್ನ ಹೊಸಿಲು ತುಳೀಬೇಡ" ಎಂದುಬಿಟ್ಟಳು. ರಿಜಿಸ್ಟರ್ ಕಚೇರಿಯಿಂದ ಇಬ್ಬರೂ ನೇರವಾಗಿ ಬಂದದ್ದು ಚಿಕ್ಕಮುನಿಯಮ್ಮನ ಸಾಲುಮನೆಯ ಒಂದು ಬಾಡಿಗೆ ಕೋಣೆಗೆ.

ಒಲೆಯನ್ನು ನಡುವೆ ಇಟ್ಟುಕೊಂಡು ಸತ್ಯವತಿ ಮೊದಲ ಮಾತಿಗೇ ಹೇಳಿದಳು.

"ಬೆಂಕಿಪೊಟ್ಟಣ ಬೇಕಾದ್ರೂ ನಮ್ಮವ್ವ ಅಪ್ಪನ ಮುಂದೆ ಕೈಯೊಡ್ಡಿ ನಿಲ್ಲೋಳು. ಅದನ್ನ ನೋಡಿ ಬೆಳೆದೋಳು ನಾನು. ನಮ್ಮನೇಲಿ ಅದು ಬೇಡ. ಒಬ್ಬರ ಹಂಗಲ್ಲಿ ಒಬ್ಬರು ಉಣ್ಣೋದು ಬೇಡ."

ರಾಮಾಂಜಿ ತಲೆ ಕೆರೆದುಕೊಂಡ. "ಹಂಗಾದ್ರೆ ಒಲೆ ಮೇಲಿಂದು ನಿಂದು. ರಾಗಿ, ಬೇಳೆ, ಉಪ್ಪು, ಮೆಣಸಿನಕಾಯಿ. ಒಲೆ ಕೆಳಗಿಂದು ನಂದು, ಹೊಟ್ಟು ಸೌದೆ ಎಲ್ಲ. ಬಾಡಿಗೇನೂ ನಂದು."

"ಒಲೆ?"

"ಒಲೆ ಇಬ್ಬರದೂ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇದೇನವ್ವ, ಗಂಡ ಹೆಂಡ್ರ ಸಂಸಾರನೋ, ಅಣ್ತಮ್ಮಂದ್ರು ಹೊಲ ಪಾಲು ಮಾಡ್ಕೊಳೋದೋ?"

ಆ ಪಾಲಿನಲ್ಲೇ ಸಂಸಾರ ಚೆನ್ನಾಗಿ ನಡೆಯಿತು. ಎರಕದ ಕಾರ್ಖಾನೆಗೆ ಬೀಗ ಬೀಳುವವರೆಗೆ.

ಲಾಕೌಟ್ ಆದ ಮೇಲೆ ಅವನು ಕಂಡಕಂಡ ಗೇಟಿನ ಮುಂದೆಲ್ಲ ನಿಂತು ಬಂದ. ಅವನಂಥವರು ಬೀದಿ ತುಂಬ ಇದ್ದರು. ತಿಂಗಳ ಕೊನೆಗೆ ಸತ್ಯವತಿ ತನ್ನ ಸಂಬಳದಿಂದಲೇ ಬಾಡಿಗೆ ಕೊಟ್ಟಳು. ಅವನು ನೋಡಿದ.

ಮರುದಿನ ಸಂಜೆ ಮುದ್ದೆ ಬಡಿಸಲು ಹೋದರೆ, "ಅಕ್ಕನ ಮನೇಲಿ ಉಂಡ್ಕೊಂಡು ಬಂದೆ" ಎಂದ.

ಅದರ ಮರುದಿನವೂ ಅಕ್ಕನ ಮನೆ. ಆಮೇಲೆ ದಿನವೂ ಅದೇ ಮಾತು. ಸತ್ಯವತಿ ಅವನ ಪಾಲಿನ ಮುದ್ದೆಯನ್ನು ನೀರಿಗೆ ಹಾಕಿಟ್ಟು ಬೆಳಿಗ್ಗೆ ತಾನೇ ಕುಡಿಯುವಳು.

'ಹೊಸಿಲು ತುಳೀಬೇಡ ಅಂದವಳ ಮನೆಯ ಊಟ ಈಗ ರುಚಿಸುತ್ತಿದೆ. ನನ್ನ ಕೈಯದು ಬೇಡವಾಯಿತು... ಇನ್ನು ನಾನು ಬೇಡವಾಗುವುದಕ್ಕೆ ಎಷ್ಟು ಹೊತ್ತು?'

ಹೊಟ್ಟಿನ ಚೀಲ ಮಾತ್ರ ತಪ್ಪುತ್ತಿರಲಿಲ್ಲ. ಮಿಲ್ಲಿನಲ್ಲಿ ಕಸ ಗುಡಿಸಿ, ಮರ ಹೊರಳಿಸಿ, ಕೂಲಿಯ ಬದಲು ಹೊಟ್ಟು ತರುತ್ತಿದ್ದ. ತಂದು ಮೂಲೆಗಿಟ್ಟು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ನಾನು ಬೇಡವಾದೆನೇ ಎಂದು ಕೇಳೋಣವೆಂದರೆ ಅವಳಿಗೆ ಭಯ. ಹೌದು ಎಂದುಬಿಟ್ಟರೆ?

ಒಂದು ಭಾನುವಾರ ಅವನು ಮಿಲ್ಲಿಗೆ ಹೋದ ಮೇಲೆ ಅವಳು ಬಟ್ಟೆ ಗಂಟು ಕಟ್ಟಿದಳು. ಹೊರಡುವ ಮೊದಲು, ಏನನ್ನಿಸಿತೋ, ಒಲೆ ಹಚ್ಚಿ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಮಾಡಿ ಮುಚ್ಚಿಟ್ಟಳು. ಆಮೇಲೆ ನಾಗಸಂದ್ರದ ದಾರಿ ಹಿಡಿದಳು.

ಭಾಗ್ಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ನಿಮ್ಮ ತಮ್ಮನ್ನ ನೀವೇ ಇಟ್ಕೊಳ್ಳಿ ಅಕ್ಕ. ಹೇಳಿ ಹೋಗೋಣ ಅಂತ ಬಂದೆ. ನಾನು ಅವ್ವನ ಮನೆಗೆ ಹೊರಟೆ."

"ಯಾರನ್ನ ಇಟ್ಕೊಳ್ಳಾನ?" ಭಾಗ್ಯಮ್ಮನ ಕೈ ನಿಂತಿತು. "ಅವನು ನನ್ನ ಮನೆ ಕಡೆ ತಲೆ ಹಾಕಿ ವರ್ಷ ಆಯ್ತಲ್ಲ. ಮೊನ್ನೆ ದಾರೀಲಿ ಕಂಡೆ, ಮೂಳೆ ಚಕ್ಕಳ ಆಗವ್ನೆ. ಕೂಳು ಇಕ್ತೀಯೋ ಇಲ್ವೋ ಅಂತ ನಾನೇ ಬಂದು ಕೇಳಾನ ಅಂತಿದ್ದೆ."

"ದಿನಾ ನಿಮ್ಮನೇಲೇ ಉಣ್ತೀನಿ ಅಂತಾರೆ..."

"ನಮ್ಮನೇಲಾ? ಒಂದು ತೊಟ್ಟು ನೀರು ಕುಡ್ದಿಲ್ಲ ಕಣವ್ವ."

ಸತ್ಯವತಿ ಗಂಟನ್ನು ಜಗಲಿಯ ಮೇಲೆಯೇ ಮರೆತಳು. ಮನೆಗೆ ಬಂದು ಮುಚ್ಚಿಟ್ಟಿದ್ದ ಮುದ್ದೆ, ಸಾರು ಎತ್ತಿಕೊಂಡು ಮಿಲ್ಲಿಗೆ ನಡೆದಳು. ನಡಿಗೆ ಯಾವಾಗ ಓಟವಾಯಿತೋ ಅವಳಿಗೇ ತಿಳಿಯಲಿಲ್ಲ. ಸಾರು ತುಳುಕಿ ಸೀರೆಯೆಲ್ಲ ನೆನೆಯಿತು.

"ಅಂತೂ ಬುತ್ತಿ ತಂದ್ಯಲ್ಲ ತಾಯಿ," ಎಂದ ಶ್ಯಾಮಣ್ಣ. "ಎಲ್ರೂ ಉಣ್ಣೋಕೆ ಕೂತ್ರೆ ಇವನು ನೀರು ಕುಡಿಯೋಕೆ ನಲ್ಲಿ ಹತ್ರ ಹೋಗ್ತಾನೆ. ಕರೆದ್ರೆ ಊಟ ಆಯ್ತು ಅಂತಾನೆ, ಮಿಲ್ಲಿನ ಟೀ ಬನ್ನಲ್ಲೇ ದಿನ ತಳ್ತಾನೆ."

ರಾಮಾಂಜಿ ದಿಮ್ಮಿಗೆ ಒರಗಿ ಕಣ್ಣು ಮುಚ್ಚಿದ್ದ. ಪಕ್ಕದಲ್ಲಿ ಗಿಡಿದು ತುಂಬಿದ ಹೊಟ್ಟಿನ ಚೀಲ. ಅವಳನ್ನು ಕಂಡು ಏಳಲು ಹೋದ. ಆಗದೆ ಮತ್ತೆ ದಿಮ್ಮಿ ಹಿಡಿದು ಕುಳಿತ.

"ಯಾವ ಅಕ್ಕನ ಮನೇಲಿ ಉಂಡ್ರಿ?"

ಅವನು ಚೀಲದ ಬಾಯಿ ಬಿಗಿಯತೊಡಗಿದ.

"ಹೇಳ್ರೀ. ಯಾವ ಅಕ್ಕ?"

"ಬಾಡಿಗೆ ನನ್ನ ಪಾಲು, ಸತ್ಯ. ಅದನ್ನ ನೀನು ಕೊಟ್ಟೆ. ಅದರ ಮೇಲೆ ನಿನ್ನ ರಾಗೀನೂ ಉಂಡ್ರೆ...? ನನ್ನ ಊಟ ಉಳಿದ್ರೆ ಅಷ್ಟಾದ್ರೂ ಬಾಡಿಗೆಗೆ ಸೇರುತ್ತೆ ಅಂದ್ಕೊಂಡೆ. ಹಂಗಲ್ಲಿ ಉಣ್ಣೋದು ಬೇಡ ಅಂದಿದ್ದು ನೀನೇ ಅಲ್ವಾ?"

ಅವಳು ತಂದ ಪಾತ್ರೆಯನ್ನು ನೆಲಕ್ಕಿಟ್ಟಳು.

"ನಾನು ಹಂಗಂದಿದ್ದು ಅವ್ವನ್ನ ನೋಡಿ," ಎಂದಳು. "ನಿಮ್ಮನ್ನ ನೋಡಿ ಅಲ್ಲ... ನಿಮಗೆ ನಾನು ಬೇಡ ಆದೆ ಅಂತ ಗಂಟು ಕಟ್ಟಿದ್ದೆ ಕಣ್ರೀ."

"ಬೇಡ ಆಗೋದಾ?" ಅವನು ಅವಳ ಕೈ ಹಿಡಿದುಕೊಂಡ. "ನಾನು ನಿಂಗೆ ಹೊರೆ ಆದ ದಿನ ನೀನು ಇರಲ್ಲ ಅಂತ ಹೆದರ್ಕೊಂಡೇ ಹಸ್ಕೊಂಡಿದ್ದೆ. ನೀನು ಹೋದ್ರೆ ನಂಗೆ ಏನಿದೆ ಹೇಳು..."

ಅವಳು ಹೊಟ್ಟಿನ ಮೇಲೆಯೇ ಕುಳಿತಳು. ಮುದ್ದೆಯನ್ನು ಮುರಿದು ದೊಡ್ಡ ತುಂಡನ್ನು ಅವನ ಕೈಗಿಟ್ಟಳು. ಅವನು ಅದನ್ನು ನೋಡಿದ, ಅವಳ ಕೈಯಲ್ಲಿ ಉಳಿದದ್ದನ್ನೂ ನೋಡಿದ.

"ಇದು ಅರ್ಧ ಅಲ್ಲ."

"ಅವತ್ತು ನನ್ನ ಚೀಲ ತುಳಿದು ತುಳಿದು ತುಂಬಿದ್ರಲ್ಲ, ಅದು ಅರ್ಧ ಆಗಿತ್ತಾ?"

ಅವನು ಬೆರಗಾಗಿ ತಲೆಯೆತ್ತಿದ. "ನಿಂಗೆ ಗೊತ್ತಿತ್ತಾ?"

"ಮನೆ ತನಕ ಹೊತ್ತೋಳು ನಾನಲ್ವಾ?" ಸೆರಗಿನಿಂದ ಅವನ ಕಣ್ಣು ಒರೆಸಿದಳು. "ಉಣ್ಣಿ. ಆಗ್ಲೇ ಆರಿಹೋಗಿದೆ."