ಬಣ್ಣಗಾರ ಮೈಲಾರಿ ಮಗಳನ್ನು ಹುಡುಕಿದ ಮೂರು ಬೆಳಗು

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಸುರಗಿಪುರವೆಂಬ ರಾಜ್ಯವಿತ್ತು. ಅಲ್ಲೊಂದು ಪದ್ಧತಿ. ಯುಗಾದಿಯ ಮಾರನೆಯ ದಿನ ರಾಜನಿಂದ ಹಿಡಿದು ಗಾಣಿಗರ ಮುದುಕಿಯವರೆಗೆ ಎಲ್ಲರೂ ಊರಾಚೆಯ ಕಾಡಿಗೆ ಹೋಗಬೇಕು, ಕಂಡ ಕಂಡ ಚಿಟ್ಟೆಯನ್ನು ಗುರುತು ಹಿಡಿದು ಹೆಸರು ಕೂಗಬೇಕು. ಹೆಸರು ಕರೆಸಿಕೊಂಡ ಚಿಟ್ಟೆ ಊರಿನ ಹೂವನ್ನೆಲ್ಲ ಕಾಯಾಗಿಸುತ್ತದೆಂದು ನಂಬಿಕೆ.

ಒಂದು ವರ್ಷ ಹಾಗೆ ಹೋದವರು ಯಾರೂ ಹಿಂತಿರುಗಲಿಲ್ಲ.

ಊರಲ್ಲಿ ಉಳಿದವನು ಬಣ್ಣಗಾರ ಮೈಲಾರಿ ಒಬ್ಬನೇ. ನೀಲಿಯ ಹಂಡೆ ಹದಕ್ಕೆ ಬಂದಿತ್ತು, ಬಿಟ್ಟು ಹೋದರೆ ಕೆಡುತ್ತದೆಂದು ನಿಂತುಬಿಟ್ಟಿದ್ದ. ತಾಯಿಯಿಲ್ಲದ ಮಗಳು ಚಂದವ್ವನನ್ನು ಮಾತ್ರ ಕಳಿಸಿದ್ದ, ಅದೂ ತನ್ನ ಕೈಯಾರೆ ಬಣ್ಣ ಹಾಕಿದ, ಕೆಂಪು ಚುಕ್ಕಿಯ ಕಪ್ಪು ಸೀರೆ ಉಡಿಸಿ. ನಾಲ್ಕು ಜನ ನೋಡಿದರೆ ನಾಲ್ಕು ಸೀರೆ ಮಾರಿಹೋಗುತ್ತವೆ ಎಂಬ ಆಸೆ ಅವನಿಗೆ. ಮಗಳು ಬೇಡವೆಂದಿದ್ದಳು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಎರಡು ದಿನ ಕಾದು ಮೈಲಾರಿ ಕಾಡಿಗೆ ಹೊರಟ. ಕಾಡಿನ ತುಂಬ ಚಿಟ್ಟೆ, ಒಂದೇ ಒಂದು ನರಪಿಳ್ಳೆ ಇಲ್ಲ. ಹುತ್ತದ ಮೇಲೆ ಬೂದುಬಣ್ಣದ ಒಬ್ಬ ಮನುಷ್ಯ ಕೂತಿದ್ದ. ಅವನೇ ಮಾಯಾವಿ ಭಸ್ಮಕೇತು.

"ನಿನ್ನ ಊರವರು ಎಲ್ಲ ಚಿಟ್ಟೆಗೂ ಹೆಸರು ಕೂಗಿದರು" ಎಂದ ಭಸ್ಮಕೇತು. "ನಾನೂ ಬೂದು ಚಿಟ್ಟೆಯಾಗಿ ಕಲ್ಲಿನ ಮೇಲೆ ಕೂತಿದ್ದೆ. 'ಇದಕ್ಕೇನು ಹೆಸರು, ನಡೀರಿ ಮುಂದಕ್ಕೆ' ಅಂದುಬಿಟ್ಟರು. ಈಗ ಅವರೇ ಚಿಟ್ಟೆಗಳು."

ಮೈಲಾರಿ ಅವನ ಕಾಲಿಗೆ ಬಿದ್ದ. "ನನ್ನ ಮಗಳನ್ನ ಕೊಡಪ್ಪ. ನನಗಿರೋದು ಅವಳೊಬ್ಬಳೇ."

"ನಿನ್ನ ಮಗಳನ್ನ ನೀನೇ ಗುರುತು ಹಿಡಿ. ಮೂರು ಬೆಳಗು ಕೊಡ್ತೀನಿ. ಬೆಳಗಿಗೊಂದು ಚಿಟ್ಟೆ ಮುಟ್ಟಿ ಅವಳ ಹೆಸರು ಕರೆ. ಸರಿಯಾದರೆ ಊರಿಗೆ ಊರೇ ನಿನಗೆ. ತಪ್ಪಿದರೆ, ತಪ್ಪಿದ ಸಲಕ್ಕೊಂದು ಬಣ್ಣ ನಿನ್ನ ಕಣ್ಣಿಂದ ನನಗೆ. ಮೂರನೇ ಸಲವೂ ತಪ್ಪಿದರೆ ಅವರೂ ಇಲ್ಲ, ನೀನೂ ಇಲ್ಲ."

ಮೊದಲ ಬೆಳಗು ಮೈಲಾರಿ ಸೀರೆಯನ್ನೇ ನೆನೆದು ಹುಡುಕಿದ. ಕಪ್ಪು ರೆಕ್ಕೆ, ಕೆಂಪು ಚುಕ್ಕಿ. ಕಾಡುಮಲ್ಲಿಗೆಯ ಪೊದೆಯ ಮೇಲೆ ಸಿಕ್ಕೇಬಿಟ್ಟಿತು. ಓಡಿ ಮುಟ್ಟಿ "ಚಂದವ್ವಾ" ಎಂದು ಕರೆದ. ಅದು ಚಿಟ್ಟೆಯಾಗಿಯೇ ಉಳಿಯಿತು.

"ಅದು ಕಾಡಿನದೇ ಚಿಟ್ಟೆ ಕಣೋ" ಎಂದು ನಕ್ಕ ಭಸ್ಮಕೇತು. "ಬಟ್ಟೆ ನೋಡಿ ಮಗಳು ಅಂದುಕೊಂಡೆಯಲ್ಲ."

ಅಷ್ಟರಲ್ಲಿ ಮೈಲಾರಿಯ ಕಣ್ಣಿಂದ ಕೆಂಪು ಹೋಯಿತು. ಮುತ್ತುಗದ ಮರ ಇದ್ದಿಲು ಹೊತ್ತಂತೆ ನಿಂತಿತ್ತು. ನಲವತ್ತು ವರ್ಷ ಕೆಂಪಿನಲ್ಲಿ ಕೈಯದ್ದಿದವನು ಅಲ್ಲೇ ಕುಸಿದು ಅತ್ತ.

ಎರಡನೆಯ ಬೆಳಗು ಹಳ್ಳದ ಕೆಸರಿನಲ್ಲಿ ನೂರಾರು ಹಳದಿ ಚಿಟ್ಟೆಗಳು ನೀರು ಹೀರುತ್ತಿದ್ದವು. ಹೋದ ಹಬ್ಬಕ್ಕೆ ಮಗಳಿಗೆ ಅರಿಶಿನದ ಬಣ್ಣದ ಸೀರೆ ಉಡಿಸಿ ಸಂತೆಯಲ್ಲಿ ನಿಲ್ಲಿಸಿದ್ದ. ಎಲ್ಲಕ್ಕಿಂತ ಹೊಳೆಯುವುದೇ ಅವಳಿರಬೇಕು ಎಂದು ಮುಟ್ಟಿ ಕರೆದ. ಚಿಟ್ಟೆಯೊಳಗಿಂದ ಮುದಿದನಿ ಬಂತು.

"ನಾನು ಗಾಣಿಗರ ಪುಟ್ಟಕ್ಕ ಕಣಪ್ಪ. ನನ್ನ ಹುಡುಕ್ಕೊಂಡು ಯಾರೂ ಬರಲಿಲ್ಲವಾ?"

"ಇಲ್ಲ ತಾಯಿ" ಎಂದ ಮೈಲಾರಿ. ಹಳದಿ ಹೋಯಿತು. ಹಳದಿ ಹೋದ ಮೇಲೆ ಹಸಿರೆಲ್ಲಿಯದು? ಕಾಡೆಲ್ಲ ಬೂದಿ ಬಳಿದಂತಾಯಿತು. ಬರೀ ಆಕಾಶ ಮಾತ್ರ ನೀಲಿಯಾಗಿ ಉಳಿದಿತ್ತು.

ಮೂರನೆಯ ಬೆಳಗು ಅವನಿಗೆ ಏಳುವ ಮನಸ್ಸೇ ಇರಲಿಲ್ಲ. ಒಬ್ಬ ದಡ್ಡ ಬಣ್ಣಗಾರನ ಕಣ್ಣನ್ನು ನಂಬಿ ಇಡೀ ಊರು ಗಿಡಕ್ಕೆ ಅಂಟಿಕೊಂಡು ಕೂತಿತ್ತು. ಆಗೊಂದು ನೀಲಿ ಚಿಟ್ಟೆ ಹಾರಿ ಬಂತು. ಆ ಬೂದಿಯ ನಡುವೆ ಅದೆಷ್ಟು ಚೆಂದವಿತ್ತೆಂದರೆ ಮೈಲಾರಿಯ ಕೈ ತಾನೇ ಮುಂದೆ ಹೋಯಿತು.

ಬೆರಳು ತಾಗುವ ಮುಂಚೆ ಅವನು ನಿಂತ. ಕಣ್ಣಿಗೆ ಕಾಣುವುದು ನೀಲಿಯೊಂದೇ, ಅದಕ್ಕೇ ಕೈ ಹೋಯಿತು. ಇದರಲ್ಲಿ ಮಗಳ ಮಾತೆಲ್ಲಿ ಬಂತು? ಚಂದವ್ವನಿಗೆ ಯಾವ ಬಣ್ಣ ಇಷ್ಟ ಎಂದು ತನ್ನನ್ನೇ ಕೇಳಿಕೊಂಡ. ಗೊತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅವನು ಮಾಡಿದ್ದನ್ನು ಉಟ್ಟಳು, ನಿಲ್ಲಿಸಿದ ಕಡೆ ನಿಂತಳು. ಎಲ್ಲರೂ ನೋಡುವಾಗ ಅವಳು ತಲೆ ತಗ್ಗಿಸಿಕೊಳ್ಳುತ್ತಿದ್ದಳು. ನಾಚಿಕೆಯೆಂದು ಅವನು ಬೀಗುತ್ತಿದ್ದ. ಅವಳಿಗೆ ಯಾರ ಕಣ್ಣಿಗೂ ಬೀಳುವುದು ಬೇಕಿರಲಿಲ್ಲ.

ಮೈಲಾರಿ ಹಾರುವ ಚಿಟ್ಟೆಗಳನ್ನು ಬಿಟ್ಟ, ಹೂವಿನ ಮೇಲಿದ್ದವನ್ನೂ ಬಿಟ್ಟ. ಮಂಡಿಯೂರಿ ತರಗೆಲೆಗಳ ನಡುವೆ ಹುಡುಕಿದ. ಹೊತ್ತು ನೆತ್ತಿಗೆ ಬರುತ್ತಿತ್ತು. ಒಂದು ಒಣ ಎಲೆಗೆ ಮೀಸೆಯಿತ್ತು. ರೆಕ್ಕೆ ಮುಚ್ಚಿ, ತಲೆ ತಗ್ಗಿಸಿ, ತಾನೂ ತರಗೆಲೆಯೇ ಎಂಬಂತೆ ಕೂತ ಚಿಟ್ಟೆ ಅದು.

"ಚಂದವ್ವಾ" ಎಂದ ಅವನು, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. "ನನ್ನ ತಪ್ಪಾಯಿತು ಮಗಳೆ."

ಎಲೆ ಬಿಚ್ಚಿಕೊಂಡಿತು. ಚಂದವ್ವ ಎದ್ದು ನಿಂತಳು. ಹುತ್ತದ ಮೇಲಿದ್ದ ಭಸ್ಮಕೇತು ಹಿಡಿ ಬೂದಿಯಾಗಿ ಉದುರಿದ. ರಾಜ ಬಂದ, ರಾಣಿ ಬಂದಳು, ಪುಟ್ಟಕ್ಕ ಸೊಂಟ ಹಿಡಿದುಕೊಂಡು ಬಂದಳು, ಕಾಡಿನ ತುಂಬ ಜನ. ಸುರಗಿಪುರದಲ್ಲಿ ಒಂಬತ್ತು ದಿನ ಒಲೆ ಆರಲಿಲ್ಲ, ಅಷ್ಟು ಅಡುಗೆ.

ಮೈಲಾರಿಗೆ ಮಾತ್ರ ಹೋದ ಬಣ್ಣಗಳು ಮರಳಿ ಬರಲಿಲ್ಲ. ಹತ್ತನೆಯ ದಿನ ಅವನು ಒಲೆಗೆ ಹಂಡೆಯೇರಿಸಿ ಮಗಳನ್ನು ಕರೆದ.

"ನಿನಗ್ಯಾವ ಬಣ್ಣ ಬೇಕವ್ವ?"

ಚಂದವ್ವ ಬಹಳ ಹೊತ್ತು ಯೋಚಿಸಿದಳು. ಯಾರೂ ಕೇಳದ ಪ್ರಶ್ನೆಗೆ ಉತ್ತರ ತಟ್ಟನೆ ಬರುವುದಿಲ್ಲ.

"ಎಳೇ ಮಾವಿನ ಚಿಗುರಿನ ಬಣ್ಣ ಅಪ್ಪ. ತೀರಾ ತೆಳುವಾಗಿ."

ಅದು ಅವನಿಗೆ ಕಾಣದ ಬಣ್ಣ. ಕೈಯಳತೆಯಲ್ಲೇ ಬಣ್ಣ ಕದಡಿ, ಬಿಳಿ ಬಟ್ಟೆಯನ್ನು ಹಂಡೆಗೆ ಇಳಿಸಿ, ಕೋಲನ್ನು ಅವಳ ಕೈಗಿತ್ತು, ಪಕ್ಕದಲ್ಲಿ ಕೂತ.

"ಎಷ್ಟು ಸಾಕು ಅಂತ ನೀನೇ ಹೇಳು" ಎಂದ.