ಅವನು ಎಡಗೈ ಎತ್ತಿದ್ದು ಯಾಕೆ?

"ನೋವಾದ್ರೆ ಎಡಗೈ ಎತ್ತಿ. ಮಾತಾಡೋಕೆ ಮಾತ್ರ ಹೋಗ್ಬೇಡಿ," ಎಂದಳು ಹಲ್ಲಿನ ವೈದ್ಯೆ.

ಊದಿದ ಕೆನ್ನೆ ಹಿಡಿದುಕೊಂಡು ಕುರ್ಚಿಗೆ ಒರಗಿದ್ದ ಲಿಫ್ಟ್ ಮೆಕ್ಯಾನಿಕ್ ಅವಳ ಕಣ್ಣನ್ನೇ ನೋಡಿದ. ಮಾಸ್ಕಿನ ಮೇಲೆ ಕಾಣುತ್ತಿದ್ದುದು ಅಷ್ಟೇ. ಅವಳ ಎದೆ ಧಸಕ್ಕೆಂದಿತು. ಇಷ್ಟು ಜನರ ಬಾಯಿ ನೋಡಿದವಳಿಗೆ ಇದೇನು ಹೊಸ ರೋಗ!

ಹಲ್ಲಿಗೆ ರೂಟ್ ಕೆನಾಲ್ ಬೇಕಾಯಿತು. ಅವನು ಮತ್ತೆ ಮತ್ತೆ ಬಂದ. ಪಾಪ, ಅವನ ಬಾಯಿಗೆ ಹತ್ತಿ ತುರುಕಿ ಇವಳು ಊರ ಸುದ್ದಿಯೆಲ್ಲ ಹರಟುತ್ತಿದ್ದಳು. ಹೊರಡುವಾಗ ಅವನು ಸೊಟ್ಟ ಬಾಯಲ್ಲೇ ಏನಾದರೂ ಹೇಳಿ ನಗಿಸುತ್ತಿದ್ದ.

ಒಂದು ವಿಷಯ ಮಾತ್ರ ಗಂಟಲಲ್ಲೇ ಉಳಿಯುತ್ತಿತ್ತು... ಅವಳು ಯೇಸುವನ್ನು ನಂಬಿದವಳು. ಪ್ರತಿ ಪೇಷೆಂಟಿಗೂ ಮುಂಚೆ ಕೈ ತೊಳೆಯುತ್ತಾ ಮನಸ್ಸಿನಲ್ಲೇ ಪ್ರಾರ್ಥಿಸುವವಳು. ಕಾಲೇಜಿನಲ್ಲಿ ಒಮ್ಮೆ ಹೇಳಿಕೊಂಡಾಗ ಗೆಳತಿಯೊಬ್ಬಳು ಪ್ರಶ್ನೆ ಕೇಳಿದ್ದಳು. ಉತ್ತರ ತೋಚದೆ ಇವಳು ಎಲ್ಲರೆದುರು ಬೆಪ್ಪಾಗಿ ನಿಂತಿದ್ದಳು. ಅಂದಿನಿಂದ ಬಾಯಿಗೆ ಬೀಗ.

ಕೊನೆಯ ದಿನ ಅವನು ಒರಗುವ ಮುಂಚೆಯೇ ಅಂದ, "ಇವತ್ತು ಕೆಲಸ ಮುಗಿದ್ಮೇಲೆ ನಿಮಗೊಂದು ಮಾತು ಹೇಳ್ಬೇಕು ಡಾಕ್ಟ್ರೇ."

ಏನೆಂದು ತಿಳಿಯದಷ್ಟು ದಡ್ಡಿಯೇ ಅವಳು? ಸಂತೋಷವಾಯಿತು, ಭಯವೂ ಆಯಿತು. ನನ್ನ ನಂಬಿಕೆ ಗೊತ್ತಿಲ್ಲದೆ ಇವನು ಕೇಳಿಬಿಟ್ಟರೆ? ಗೊತ್ತಾದ ಮೇಲೆ ಬಿಟ್ಟುಹೋದರೆ?

ಇಂಜೆಕ್ಷನ್ ಕೊಟ್ಟು ಹತ್ತಿ ಇಟ್ಟಳು. ಈಗ ಅವನು ಪ್ರಶ್ನೆ ಕೇಳುವಂತಿಲ್ಲ! ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನಾನು ಯೇಸುವನ್ನ ನಂಬ್ತೀನಿ. ಅಪ್ಪ ತೀರಿಹೋದಾಗ ನಾನು ಉಳಿದದ್ದೇ ಅವನಿಂದ. ನಿಮಗೂ ಅವನ ಬಗ್ಗೆ ಹೇಳ್ಬೇಕು ಅಂತ ತುಂಬಾ ದಿನದಿಂದ..."

ಅವನ ಎಡಗೈ ಮೇಲೆದ್ದಿತು.

ನೋವೇ? ಡ್ರಿಲ್ ಇನ್ನೂ ಮುಟ್ಟೇ ಇಲ್ಲವಲ್ಲ! ಹಾಗಾದರೆ... ಸಾಕು ಎಂದನೇ? ತುಟಿ ಕಚ್ಚಿಕೊಂಡು ಕೆಲಸ ಮುಗಿಸಿದಳು. ಅವನು ಏನೋ ತೊದಲಿದ, ಮರಗಟ್ಟಿದ ನಾಲಿಗೆ ಹೊರಳಲಿಲ್ಲ. ಮುಂದಿನವರನ್ನು ಕಳಿಸಿ ಎಂದು ಹೊರಗಿದ್ದ ಸಹಾಯಕಿಗೆ ಕೂಗಿ ಅವಳು ಮುಖ ತಿರುಗಿಸಿದಳು.

ಮಧ್ಯಾಹ್ನವೆಲ್ಲ ತಲೆ ಗೊಂದಲದ ಗೂಡು. ಹೇಳಿದ್ದು ತಪ್ಪೋ, ಹೇಳಿದ ರೀತಿ ತಪ್ಪೋ? ಎದುರಿನವರ ಬಾಯಿ ಮುಚ್ಚಿಸಿ ಹೇಳುವುದೂ ಒಂದು ಧೈರ್ಯವೇ? ನಗು ಬಂತು, ಹಿಂದೆಯೇ ಅಳುವೂ ಬಂತು.

ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಅವನು ಬಾಗಿಲಲ್ಲಿದ್ದ. ನಾಲಿಗೆ ಸರಿಹೋಗಿತ್ತು.

"ಕೈ ಎತ್ತಿದ್ದು ನಿಲ್ಲಿಸಿ ಅಂತಲ್ಲ," ಎಂದು ಬೆಂಚಿನ ಮೇಲೆ ಕುಳಿತ. "ನನಗೊಂದು ಪ್ರಶ್ನೆ ಇತ್ತು."

ಅವಳಿಗೆ ಕಾಲೇಜಿನ ಆ ದಿನ ನೆನಪಾಯಿತು. ಕೇಳಿ ಎಂದಳು.

"ನನ್ನ ತಂಗಿ ವರ್ಷಗಟ್ಟಲೆ ನರಳಿ ತೀರ್ಕೊಂಡ್ಲು. ನಿಮ್ಮ ಯೇಸು ಆಗ ಎಲ್ಲಿದ್ದ?"

ಅವಳು ಚರ್ಚಿನಲ್ಲಿ ಕೇಳಿದ್ದ ಉಪದೇಶಗಳೆಲ್ಲ ಆ ಮುಖದ ಮುಂದೆ ಸಣ್ಣವಾದವು. ಓಡಿಹೋಗಬೇಕೆನಿಸಿತು... ಓಡಲಿಲ್ಲ. ಅವನ ಪಕ್ಕದಲ್ಲೇ ಕುಳಿತಳು.

"ಗೊತ್ತಿಲ್ಲ," ಎಂದಳು. "ಅಪ್ಪ ಹೋದಾಗ ನಾನೂ ಇದನ್ನೇ ಕೇಳಿದ್ದೆ. ಉತ್ತರ ಸಿಗ್ಲಿಲ್ಲ. ಆದ್ರೆ ಅಳೋವಾಗ ಅವನು ನನ್ನ ಬಿಟ್ಟು ಹೋಗ್ಲಿಲ್ಲ. ಅಷ್ಟು ಗೊತ್ತು."

ಅವನ ಕಣ್ಣು ತುಂಬಿತು. ತಂಗಿ ಹೋದಾಗ ಬಂದವರೆಲ್ಲ ಒಂದೊಂದು ಉತ್ತರ ಕೊಟ್ಟು ಎದ್ದು ಹೋಗಿದ್ದರು, ಯಾರೂ ಹೀಗೆ ಪಕ್ಕದಲ್ಲಿ ಕೂತಿರಲಿಲ್ಲ ಎಂದ.

"ನಾನು ನಂಬ್ತೀನೋ ಇಲ್ವೋ, ನನಗೇ ಗೊತ್ತಿಲ್ಲ. ಆದ್ರೂ ನನ್ನ ಮದ್ವೆ ಆಗ್ತೀರಾ?"

"ಆಗ್ತೀನಿ. ಆದ್ರೆ ಇನ್ಮೇಲೆ ಈ ವಿಷಯ ಮುಚ್ಚಿಡಲ್ಲ. ಹೇಳ್ತಾನೇ ಇರ್ತೀನಿ."

"ಹೇಳು," ಎಂದ ಅವನು ಮೆಲ್ಲಗೆ. "ಮೊದಲು ನಿನ್ನ ಅಪ್ಪನ ಬಗ್ಗೆ ಹೇಳು."